ಅಜ್ಜನ ತಿಜೋರಿಗೆ ಕೀಲಿ ಹುಡುಕಿದ ಒಂದು ವರ್ಷ

ಕಳೆದ ವರ್ಷ ದೀಪಾವಳಿ ಅಮಾವಾಸ್ಯೆಯ ಸಂಜೆ ಅವ್ವನ ಕೈಯಲ್ಲಿ ಚಾವಿ ಮುರಿಯಿತು. ಲಕ್ಷ್ಮೀ ಪೂಜೆಗೆ ಎಲ್ಲ ಅಣಿಯಾಗಿತ್ತು. ಬಾಳೆಕಂಬ ಕಟ್ಟಿದ್ದೆವು, ಚೆಂಡು ಹೂವಿನ ಮಾಲೆ ಹಾಕಿದ್ದೆವು. ಪ್ರತಿ ವರ್ಷದ ಹಾಗೆ ಅವ್ವ ತಿಜೋರಿಗೆ ಕುಂಕುಮ ಹಚ್ಚಿ, ಚಾವಿ ಹಾಕಿ ತಿರುಗಿಸಿದಳು. ಅರ್ಧ ಸುತ್ತು ಹೋಯಿತು. ಆಮೇಲೆ ಟಕ್ ಅಂತ ಸದ್ದು. ಅವಳ ಕೈಯಲ್ಲಿ ದಂಡ ಮಾತ್ರ ಉಳಿದಿತ್ತು, ಹಲ್ಲಿನ ಭಾಗ ಒಳಗೇ ಕೂತಿತ್ತು.

"ನನ್ನ ಕೈಯಾಗ ಮುರೀತಲ್ಲವಾ" ಅಂತ ಅವ್ವ ಅಲ್ಲೇ ಕೂತುಬಿಟ್ಟಳು. ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಈ ವರ್ಷ ಹಬ್ಬಕ್ಕೆ ಎರಡು ದಿನ ಮುಂಚೆ ಹೊಸ ಕೀಲಿ ಕೂತಿತು. ನಡುವೆ ಹೋದ ತಿಂಗಳುಗಳಲ್ಲಿ ಅರ್ಧದಷ್ಟು ನನಗೆ ಈ ಕೆಲಸ ಗೊತ್ತಿಲ್ಲದ ಕಾರಣಕ್ಕೇ ಹೋದವು. ನಮ್ಮ ಭಾಗದಲ್ಲಿ ಅಡತಿ ಅಂಗಡಿ, ಸರಾಫಿ, ಖಣದ ವ್ಯಾಪಾರ ಮಾಡಿದ ಎಷ್ಟೋ ಮನೆಗಳಲ್ಲಿ ಇಂಥ ತಿಜೋರಿಗಳಿವೆ. ಕೀಲಿ ಕೆಟ್ಟಿತು ಅಂತ ಗುಜರಿಗೆ ತೂಗಿ ಹಾಕಿದವರನ್ನು ನಾನೇ ನೋಡಿದ್ದೇನೆ. ಹಾಗೆ ಮಾಡುವ ಮುಂಚೆ ಇದನ್ನು ಒಮ್ಮೆ ಓದಿ.

(ಬೇರೆ ಕಡೆಯವರಿಗೆ ಒಂದು ಮಾತು: ನಮ್ಮಲ್ಲಿ ಕೀಲಿ ಅಂದರೆ ಬೀಗ, ಚಾವಿ ಅಂದರೆ ಕೀಲಿಕೈ.)

ತಿಜೋರಿ ನಮ್ಮ ಅಜ್ಜನದು. ಹಳೆ ಬಾಗಲಕೋಟೆಯ ಪೇಟೆಯಲ್ಲಿ ಅವರ ಅಡತಿ ಅಂಗಡಿ ಇತ್ತು. ಶೇಂಗಾ, ಜೋಳ, ಹತ್ತಿ. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಮುಳುಗಡೆಯಾದಾಗ ಅಂಗಡಿಯ ಬಾಗಿಲು, ತೊಲೆ, ಗಲ್ಲಾಪೆಟ್ಟಿಗೆ ಎಲ್ಲ ಮಾರಿದರು. ತಿಜೋರಿ ಮಾತ್ರ ಆರು ಜನ ಹಮಾಲರು ಪೈಪಿನ ಮೇಲೆ ಉರುಳಿಸಿ ನವನಗರದ ಮನೆಗೆ ತಂದು ಇಳಿಸಿದರು. ಬಾಗಿಲ ಮೇಲಿನ ಹಿತ್ತಾಳೆ ಫಲಕ ಸವೆದುಹೋಗಿ 'ಬಾಂಬೆ' ಅನ್ನುವ ಒಂದೇ ಪದ ಓದಲು ಬರುತ್ತದೆ. ಬಂದವರೆಲ್ಲ "ಗೋದ್ರೇಜ್ ಇರಬೇಕು" ಅನ್ನುತ್ತಾರೆ. ಗೋದ್ರೇಜ್‌ನವರು ಮುಂಬೈಯಲ್ಲಿ 1897ರಲ್ಲೇ ಕೀಲಿ ಮಾಡಲು ಶುರು ಮಾಡಿದವರು, ಹಳೆ ತಿಜೋರಿ ಅಂದಕೂಡಲೇ ಅವರ ಹೆಸರು ಬಾಯಿಗೆ ಬರುವುದು ಸಹಜ. ಆದರೆ ಅದೇ ಮುಂಬೈಯಲ್ಲಿ ಬೇರೆ ಎಷ್ಟೋ ಜನ ತಿಜೋರಿ ಮಾಡುತ್ತಿದ್ದರು. ಹೆಸರು ಗೊತ್ತಿಲ್ಲದ ತಿಜೋರಿಗೆ "ಕಂಪನಿಗೆ ಬರೆದು ಕೀಲಿ ತರಿಸಿ" ಅನ್ನುವ ಸಲಹೆ ಉಪಯೋಗಕ್ಕೆ ಬರುವುದಿಲ್ಲ.

ನನ್ನ ಮೊದಲ ತಪ್ಪು ಪಾಡ್ಯದ ಮರುದಿನವೇ ಆಯಿತು. ಚಾವಿ ಮಾಡುವ ಒಬ್ಬರನ್ನು ಕರೆಸಿದೆ. ಒಳಗೆ ಅಜ್ಜನ ಕಾಲದ ಕಾಗದ, ಅವ್ವನ ನಾಲ್ಕು ಒಡವೆ ಇದ್ದವು, ಗಡಿಬಿಡಿ ಇತ್ತು. ಅವರು ಮುರಿದ ತುಂಡನ್ನು ಹೊರಗೆ ತೆಗೆಯಲು ಹತ್ತು ನಿಮಿಷವೂ ನೋಡಲಿಲ್ಲ. ಡ್ರಿಲ್ ತೆಗೆದು ಚಾವಿ ತೂತಿನ ಪಕ್ಕ ಮೂರು ತೂತು ಕೊರೆದರು. ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲು ತೆರೆಯಿತು, ಕೀಲಿ ಹಾಳಾಯಿತು. "ಇಂಥಾ ಕೀಲಿ ಎಲ್ಲಾ ಕಡೆ ಸಿಗ್ತಾವ್ರಿ" ಅಂತ ಹೇಳಿ 3,500 ರೂಪಾಯಿ ತಗೊಂಡು ಹೋದರು.

ಆಮೇಲೆ ತಿಳಿದದ್ದು ಕೇಳಿ. ಚಾವಿ ಮುರಿದರೆ ಎರಡೂ ತುಂಡು ಜೋಪಾನ ಮಾಡಬೇಕು. ಒಳಗಿನ ತುಂಡನ್ನು ತೆಳ್ಳನೆಯ ಕೊಕ್ಕೆಯಿಂದ ಹೊರಗೆ ಎಳೆದು, ಎರಡನ್ನೂ ಸೇರಿಸಿಟ್ಟು, ಅದರ ಅಳತೆಗೆ ಹೊಸ ಚಾವಿ ಅರ ಹಾಕಬಹುದು. ಹಾಗೆ ಮಾಡಿದ್ದರೆ ಈ ಕಥೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಡ್ರಿಲ್ ಕೊನೆಯ ದಾರಿ. ಯಾರಾದರೂ ಅದನ್ನೇ ಮೊದಲು ಕೈಗೆ ತಗೊಂಡರೆ ದಯವಿಟ್ಟು ನಿಲ್ಲಿಸಿ.

ಕೊರೆದ ತೂತಿನಿಂದ ಮರುದಿನವೂ ಪುಡಿ ಉದುರುತ್ತಿತ್ತು. ಕಂದು ಬಣ್ಣದ ಪುಡಿ, ನಡುವೆ ಹರಳಿನಂಥ ಬಿಳಿ ಚೂರು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಚಮಚೆಯಷ್ಟು ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಕೆಮಿಸ್ಟ್ರಿ ಸಹೋದ್ಯೋಗಿಗೆ ಕೊಟ್ಟೆ. ಅವರು ಬಿಳಿ ಹರಳು ಆರಿಸಿ, ಪ್ರನಾಳದಲ್ಲಿ ಹಾಕಿ ದೀಪದ ಮೇಲೆ ಹಿಡಿದರು. ಹರಳು ಮೊದಲು ಕರಗಿ ನೀರಾಯಿತು. ಆಮೇಲೆ ಕುದಿಯಿತು. ಪ್ರನಾಳದ ಬಾಯಿಯ ಒಳಬದಿಗೆ ಹನಿ ಹನಿಯಾಗಿ ನೀರು ಕಟ್ಟಿತು. ಕೊನೆಗೆ ತಳದಲ್ಲಿ ಬಿಳಿ ಮಂಡಕ್ಕಿಯಂತೆ ಉಬ್ಬಿದ ಹಗುರ ವಸ್ತು ಉಳಿಯಿತು. "ಪಟಿಕ ರೀ ಇದು" ಅಂದರು. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ವಾ, ಅದೇ.

ಹಳೆ ತಿಜೋರಿಗಳ ಗೋಡೆ ಮತ್ತು ಬಾಗಿಲಿನ ಎರಡು ತಗಡುಗಳ ನಡುವೆ ಕಟ್ಟಿಗೆ ಹೊಟ್ಟು, ಪಟಿಕ ತುಂಬುವ ಪದ್ಧತಿ ಇಂಗ್ಲೆಂಡಿನಿಂದ ಬಂದದ್ದು. ಪಟಿಕದ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ನೀರೇ ಇರುತ್ತದೆ. ಬೆಂಕಿ ಬಿದ್ದರೆ ಆ ನೀರು ಹಬೆಯಾಗಿ ಹೊರಬರುತ್ತದೆ. ನೀರು ಪೂರ್ತಿ ಆರುವವರೆಗೆ ಒಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಕಾಗದ ಸುಡುವುದಿಲ್ಲ. ಅಜ್ಜ "ಈ ತಿಜೋರಿಗೆ ಬೆಂಕಿ ಹತ್ತಂಗಿಲ್ಲ" ಅಂತ ಹೇಳುತ್ತಿದ್ದುದರ ಅರ್ಥ ನನಗೆ ಐವತ್ತರ ಹತ್ತಿರ ಬಂದಾಗ, ಒಂದು ಪ್ರನಾಳದಲ್ಲಿ ಕಂಡಿತು.

ಇದರಲ್ಲಿ ಎರಡು ಎಚ್ಚರಿಕೆ ಇವೆ. ಪಟಿಕಕ್ಕೆ ತೇವ ತಾಗಿದರೆ ಅದು ಕಬ್ಬಿಣವನ್ನು ತಿನ್ನುತ್ತದೆ. ತೂತು ತೆರೆದಿಟ್ಟು ಮಳೆಗಾಲ ಕಳೆದರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ನಾನು ಸದ್ಯಕ್ಕೆ ಮೇಣ ತುಂಬಿ ಮುಚ್ಚಿದೆ. ಎರಡನೆಯದು ಇನ್ನೂ ಮುಖ್ಯ. ಕೆಲವು ಹಳೆ ತಿಜೋರಿಗಳಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ತುಂಬಿರುತ್ತಾರೆ. ಕೊರೆದಾಗ ಬಿಳಿ ಅಥವಾ ಬೂದು ಬಣ್ಣದ ನಾರು, ಹತ್ತಿಯಂಥದ್ದು ಕಂಡರೆ ಕೆಲಸ ನಿಲ್ಲಿಸಿ. ಕಸಬರಿಗೆಯಿಂದ ಗುಡಿಸಬೇಡಿ, ಊದಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಬಹಳ ಅಪಾಯ.

ಇನ್ನು ಕೀಲಿ ಹುಡುಕಾಟ. ಊರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಕ್ಕಿದ್ದು ಅಲಮಾರಿಯ ಕೀಲಿಗಳು. ಬೆರಳುದ್ದದ ಚಾವಿ, ತೆಳ್ಳನೆಯ ತಗಡು. ಒಬ್ಬರು ನಂಬರ್ ಒತ್ತುವ ಎಲೆಕ್ಟ್ರಾನಿಕ್ ಕೀಲಿ ಹಾಕಿಸಿ ಅಂದರು. ಕೆಟ್ಟ ಸಲಹೆಯೇನಲ್ಲ, ದಿನಾ ಬಳಸುವವರಿಗೆ ಅನುಕೂಲವೇ. ಆದರೆ ಅದಕ್ಕೆ ಬಾಗಿಲ ಮುಖದ ಮೇಲೆ ಇನ್ನಷ್ಟು ತೂತು ಬೇಕು. ಅವ್ವ ಕುಂಕುಮ ಹಚ್ಚುವ ಜಾಗದಲ್ಲಿ ಪ್ಲಾಸ್ಟಿಕ್ ಡಬ್ಬಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಜನವರಿಯಲ್ಲಿ ಅಲೀಗಢದ ಒಂದು ಅಂಗಡಿಯಿಂದ ಆನ್‌ಲೈನ್‌ನಲ್ಲಿ ತಿಜೋರಿ ಕೀಲಿ ತರಿಸಿದೆ. ಅಲೀಗಢ ಕೀಲಿಗಳಿಗೇ ಹೆಸರಾದ ಊರು. ಫೋಟೋ ಕಳಿಸಿದ್ದೆ, "ಇದೇ ಆಗುತ್ತದೆ" ಅಂದಿದ್ದರು. ಹದಿನೆಂಟು ದಿನ ಕಾದ ಮೇಲೆ ಪಾರ್ಸೆಲ್ ಬಂತು. ಕೀಲಿ ಚೆನ್ನಾಗಿಯೇ ಇತ್ತು, ಆದರೆ ನಮ್ಮ ತಿಜೋರಿಗೆ ಯಾವ ಕಡೆಯಿಂದಲೂ ಹೊಂದಲಿಲ್ಲ. ನಮ್ಮದರ ನಾಲಿಗೆ (ಚಾವಿ ತಿರುಗಿಸಿದಾಗ ಕೀಲಿಯಿಂದ ಹೊರಬರುವ ತುಂಡು) ಬಲಕ್ಕೆ ಹೋಗಬೇಕು, ಇದರದು ಎಡಕ್ಕೆ. ನಮ್ಮ ಬಾಗಿಲಿನ ದಪ್ಪ ನಾಲ್ಕೂಕಾಲು ಇಂಚು, ಇದರ ಚಾವಿ ಎರಡೂವರೆ ಇಂಚು. ಹೊರಗಿಂದ ಹಾಕಿದರೆ ಕೀಲಿಯನ್ನು ಮುಟ್ಟುವುದೇ ಇಲ್ಲ. ನಾಲ್ಕು ಸ್ಕ್ರೂ ತೂತುಗಳಲ್ಲಿ ಒಂದು ಮಾತ್ರ ಎದುರಾಬದುರಾ ಬಂತು. ಅದಕ್ಕೆ ಸ್ಕ್ರೂ ಹಾಕಿದೆ, ಮೂರು ಸುತ್ತು ಹೋಗಿ ಬಿಗಿದು ನಿಂತಿತು. ಕೀಲಿ ವಾಪಸ್ ತಗೊಂಡರು, ಕೊರಿಯರ್ ಖರ್ಚು 380 ರೂಪಾಯಿ ನನ್ನದಾಯಿತು.

ಆ ಸ್ಕ್ರೂ ಯಾಕೆ ಬಿಗಿಯಿತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಕಾಲೇಜಿನ ಲ್ಯಾಬಿನಿಂದ ಪ್ರಾಂಶುಪಾಲರಿಗೆ ಹೇಳಿ ವರ್ನಿಯರ್ ಕ್ಯಾಲಿಪರ್ ಮನೆಗೆ ತಂದೆ. ಹೊಸ ಸ್ಕ್ರೂ 6 ಮಿಲಿಮೀಟರ್, ಅದರ ಒಂದು ಸುತ್ತಿಗೂ ಇನ್ನೊಂದಕ್ಕೂ ಅಂತರ 1 ಮಿಲಿಮೀಟರ್. ಹಳೆಯದು 6.35 ಮಿಲಿಮೀಟರ್, ಅಂದರೆ ಕಾಲಿಂಚು. ಅದರಲ್ಲಿ ಒಂದು ಇಂಚಿಗೆ 20 ಸುತ್ತು, ಅಂತರ 1.27. ಇದು ಇಂಗ್ಲಿಷರ ಕಾಲದ ವಿಟ್‌ವರ್ತ್ ಥ್ರೆಡ್. ಮಿಲಿಮೀಟರ್ ಸ್ಕ್ರೂವನ್ನು ಅದಕ್ಕೆ ಒತ್ತಾಯದಿಂದ ಹಾಕಿದರೆ ನೂರು ವರ್ಷದ ಥ್ರೆಡ್ ಹಾಳು. ಈ ಒಂದು ಅಳತೆಯಿಂದ ನನಗೆ ದಾರಿ ಕಂಡಿತು. ಕೀಲಿಯನ್ನು ಅಂಗಡಿಯಲ್ಲಿ ಹುಡುಕುವ ಮುಂಚೆ ಮನೆಯಲ್ಲಿ ಬಾಗಿಲನ್ನೇ ಓದಿಕೊಳ್ಳಬೇಕಿತ್ತು.

ಹಾಗಾಗಿ ಒಂದು ಭಾನುವಾರ ಬಾಗಿಲ ಒಳಗಿನ ಮುಚ್ಚಳ ಬಿಚ್ಚಿ ಕೂತೆ. ತಿಜೋರಿಯಲ್ಲಿ ಕೀಲಿ ಮಾಡುವ ಕೆಲಸ ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಹಿಡಿ ತಿರುಗಿಸಿದರೆ ಬಾಗಿಲ ಅಂಚಿನಿಂದ ಹೆಬ್ಬೆರಳು ದಪ್ಪದ ಅಗಳಿಗಳು ಹೊರಬರುತ್ತವೆ. ಅವೆಲ್ಲ ಒಳಗೆ ಒಂದು ಪಟ್ಟಿಗೆ ಜೋಡಿಸಿರುತ್ತವೆ. ಕೀಲಿ ಆ ಅಗಳಿಗಳನ್ನು ಎಳೆಯುವುದಿಲ್ಲ. ಅದರ ನಾಲಿಗೆ ಪಟ್ಟಿಗೆ ಅಡ್ಡ ಬಂದು ನಿಲ್ಲುತ್ತದೆ, ಪಟ್ಟಿ ಹಿಂದೆ ಸರಿಯದಂತೆ ತಡೆಯುತ್ತದೆ. ಆದ್ದರಿಂದ ನಾಲಿಗೆ ಯಾವ ಕಡೆ ಬರಬೇಕು, ಎಷ್ಟು ಬರಬೇಕು, ಎಷ್ಟು ಆಳದಲ್ಲಿ ಬರಬೇಕು, ಈ ಮೂರು ಸರಿ ಇದ್ದರೆ ಯಾವ ಕಂಪನಿಯ ಕೀಲಿಯಾದರೂ ನಡೆಯುತ್ತದೆ. "ಎಷ್ಟು ಆಳದಲ್ಲಿ" ಅನ್ನುವುದನ್ನು ನಾನು ಆಗ ಅಳೆಯಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಕೀಲಿ ಕೂರುವ ಜಾಗದ ಮೇಲೆ ದಪ್ಪ ಕಾಗದ ಇಟ್ಟು ಇದ್ದಿಲು ಉಜ್ಜಿದೆ. ತೂತುಗಳು, ಅಂಚು, ಚಾವಿ ಬರುವ ನಳಿಗೆ ಎಲ್ಲ ಅಚ್ಚು ಬಿದ್ದವು. ಅದರ ಪಕ್ಕ ಅಳತೆ ಬರೆದೆ. ನೀವು ಈ ಕೆಲಸಕ್ಕೆ ಹೊರಟರೆ ಇದರಿಂದಲೇ ಶುರು ಮಾಡಿ. ಫೋಟೋದಲ್ಲಿ ಎರಡು ಇಂಚೂ ಮೂರು ಇಂಚೂ ಒಂದೇ ಥರ ಕಾಣುತ್ತವೆ.

ಬೆಳಗಾವಿಗೆ ಮೊದಲ ಸಲ ಹೋದದ್ದು ಮೇ ರಜೆಯಲ್ಲಿ. ಲೋಕಾಪುರ, ಯರಗಟ್ಟಿ ಮೇಲೆ ಹೋಗುವ ಬಸ್ಸು. ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ಖರ್ಚಿರಲಿಲ್ಲ, ಇಲ್ಲದಿದ್ದರೆ ನಾಲ್ಕು ಸಲ ಓಡಾಡಲು ಯೋಚನೆ ಮಾಡುತ್ತಿದ್ದೆ. ಖಡೇಬಜಾರ್, ರವಿವಾರ ಪೇಟೆಯ ಓಣಿಗಳಲ್ಲಿ ಬಿಸಿಲಲ್ಲಿ ಸುತ್ತಿದೆ. ಒಂದು ಹಳೆಯ ನಟ್ಟು-ಬೋಲ್ಟಿನ ಅಂಗಡಿಯಲ್ಲಿ ಹಿರಿಯರೊಬ್ಬರು ನಮ್ಮ ಸ್ಕ್ರೂವನ್ನು ಬಾಚಣಿಕೆಯಂಥ ಗೇಜಿಗೆ ಹಿಡಿದು, "ಕಾಲಿಂಚು, ಇಪ್ಪತ್ತು ಥ್ರೆಡ್ಡು" ಅಂತ ಹೇಳಿ, ಮೇಲಿನ ಡಬ್ಬಿಯಿಂದ ಎಂಟು ತೆಗೆದುಕೊಟ್ಟರು. ದುಡ್ಡು ಬೇಡ ಅಂದರು. ಆ ದಿನ ಸಿಕ್ಕಿದ್ದು ಅಷ್ಟೇ, ಜೊತೆಗೆ ಅವರೇ ಹೇಳಿದ ಒಂದು ವಿಳಾಸ: ಉದ್ಯಮಬಾಗದಲ್ಲಿ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಮಿಸ್ತ್ರಿ, ಈಗ ಸಣ್ಣ ಲೇತ್ ಇಟ್ಟುಕೊಂಡಿದ್ದಾರೆ.

ಉದ್ಯಮಬಾಗ ಅಂದರೆ ಬೆಳಗಾವಿಯ ಫೌಂಡ್ರಿ, ಮಷೀನ್ ಶಾಪ್‌ಗಳ ಜಾಗ. ಕಬ್ಬಿಣದ ಕೆಲಸದಲ್ಲಿ ಪಳಗಿದ ಕೈಗಳು ಅಲ್ಲಿ ಬೇಕಾದಷ್ಟು. ದುಬಾರಿ ಕೀಲಿ ಹುಡುಕುವ ಬದಲು ಇಂಥ ಕೈ ಹುಡುಕಿ ಅನ್ನುವುದು ನನ್ನ ಮನಸಾರೆಯ ಸಲಹೆ.

ಜೂನ್ ಕೊನೆಗೆ ಅವರ ಬಳಿ ಹೋದೆ. ಮೊದಲು ಮೊಬೈಲಿನಲ್ಲಿ ಫೋಟೋ ತೋರಿಸಿದೆ.

"ಅಕ್ಕಾರ, ಫೋಟೋ ನೋಡಿ ಅಂಗಿ ಹೊಲ್ಯಾಕ ಬರ್ತದೇನ್ರಿ?" ಅಂದರು.

ಇದ್ದಿಲಿನ ಅಚ್ಚು ತೆಗೆದು ಕೊಟ್ಟ ಮೇಲೆ ಕನ್ನಡಕ ಏರಿಸಿಕೊಂಡರು. ಹೊಸ ಕೀಲಿ ಇದಕ್ಕೆ ಹೊಂದುವುದಿಲ್ಲ, ಇದೇ ಕಾಲದ ಇನ್ನೊಂದು ಒಡೆದ ತಿಜೋರಿಯ ಕೀಲಿ ಸಿಕ್ಕರೆ ಕೂರಿಸಬಹುದು ಅಂದರು. ಹಳೆ ಕಬ್ಬಿಣದ ವ್ಯಾಪಾರಿಗಳ ಬಳಿ ಕರೆದುಕೊಂಡು ಹೋಗಲು ತಮ್ಮ ಹುಡುಗನನ್ನು ಕಳಿಸಿದರು. ಮೂರನೇ ಅಂಗಡಿಯಲ್ಲಿ ಒಂದು ಕೀಲಿ ಸಿಕ್ಕಿತು. ಹಿತ್ತಾಳೆ ಮುಚ್ಚಳ, ಒಂದು ಚಾವಿ ಜೊತೆಗಿತ್ತು. ವ್ಯಾಪಾರಿ "ಚಬ್ ಐತ್ರಿ, ಇಂಗ್ಲೆಂಡಿಂದು" ಅಂತ 9,000 ಹೇಳಿದರು. ಹುಡುಗ ಮಿಸ್ತ್ರಿಗೆ ಫೋನ್ ಹಚ್ಚಿದ. "ಚಬ್ ಇದ್ರ ಹೆಸರು, ನಂಬರು ಹೊಡೆದಿರ್ತದ. ನೋಡಿ ಹೇಳು" ಅಂದರು. ಎರಡೂ ಇರಲಿಲ್ಲ. ಚಬ್ ಅಂದರೆ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಹೆಸರಾಂತ ಕೀಲಿ. ಬೇರೆ ಚಾವಿ ಹಾಕಿ ಕೆದಕಿದರೆ ಒಳಗಿನ ಒಂದು ಲಿವರ್ (ಚಾವಿ ಎತ್ತುವ ಸಣ್ಣ ತಗಡು) ಸಿಕ್ಕಿಕೊಂಡು, ಯಾರೋ ಕೈ ಹಾಕಿದ್ದಾರೆ ಅಂತ ಮಾಲೀಕನಿಗೆ ತಿಳಿಸುತ್ತಿತ್ತು. ನಮಗೆ ಅದೇ ಬೇಕು ಅಂತೇನಿರಲಿಲ್ಲ. ಒಂದು ತಾಸು ಚೌಕಾಸಿ ಮಾಡಿ 2,500ಕ್ಕೆ ತಗೊಂಡೆ. ಸಂಜೆಯ ಬಸ್ಸಿನಲ್ಲಿ ಆ ಕೀಲಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಆಸೆ ಇತ್ತು, ಆದರೆ ಅದನ್ನು ಮಿಸ್ತ್ರಿಯ ಬಳಿಯೇ ಬಿಡಬೇಕಾಯಿತು.

ಅಲ್ಲೊಂದು ತಡೆ ಬಂತು. ಚಾವಿ ಮಾಡಿಕೊಡಿ ಅಂದೆ. "ಯಾರ ತಿಜೋರಿ ಅಂತ ಗೊತ್ತಾಗದ ನಾ ಚಾವಿ ಹೊಡ್ಯಾಂಗಿಲ್ರಿ ಅಕ್ಕಾರ. ಕಾಗದ ತೋರಸ್ರಿ" ಅಂದರು. ನನ್ನ ಬಳಿ ಕಾಲೇಜಿನ ಗುರುತಿನ ಚೀಟಿ ಬಿಟ್ಟು ಏನೂ ಇರಲಿಲ್ಲ. ಆಗ ಸ್ವಲ್ಪ ಬೇಸರವಾಯಿತು. ಮನೆಗೆ ಬಂದು ಯೋಚಿಸಿದಾಗ ಅವರ ಮೇಲೆ ಗೌರವ ಹೆಚ್ಚಾಯಿತು. ಏನೂ ಕೇಳದೆ ಬಾಗಿಲು ಕೊರೆದವರನ್ನು ನೋಡಿದ್ದೆನಲ್ಲ.

ಹಳೆ ತಿಜೋರಿಗೆ ರಸೀದಿ ಎಲ್ಲಿಂದ ಬರಬೇಕು? ಆಧಾರ್, ನವನಗರದ ನಿವೇಶನದ ಹಕ್ಕುಪತ್ರದ ನಕಲು, ಅಜ್ಜನ ಮರಣ ಪ್ರಮಾಣಪತ್ರ ಜೋಡಿಸಿದೆ. ಅಪ್ಪ ಇಲ್ಲ, ಇಬ್ಬರು ಕಾಕಾ ಇದ್ದಾರೆ. ಅವರಿಂದ "ತಿಜೋರಿ ರಿಪೇರಿಗೆ ನಮ್ಮ ಒಪ್ಪಿಗೆ ಇದೆ" ಅಂತ ಸಹಿ ಮಾಡಿದ ಪತ್ರ ತಗೊಂಡೆ. ಸಣ್ಣ ಕಾಕಾ ಸಹಿ ಮಾಡುವ ಮುಂಚೆ ಒಳಗೇನಿದೆ ನೋಡಬೇಕು ಅಂದರು. ಅದು ಅವರ ಹಕ್ಕು. ಎಲ್ಲರನ್ನೂ ಕೂರಿಸಿ, ಒಂದೊಂದೇ ತೆಗೆದು, ಪಟ್ಟಿ ಬರೆದು, ಮೊಬೈಲಿನಲ್ಲಿ ವಿಡಿಯೋ ಮಾಡಿದೆವು. ಅಜ್ಜನ ಮೋಡಿ ಅಕ್ಷರದ (ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ) ಕೀರ್ದಿ ಪುಸ್ತಕ, ಅಂದರೆ ಲೆಕ್ಕದ ಪುಸ್ತಕ, ಯಾರಿಗೂ ಓದಲು ಬರಲಿಲ್ಲ. ಎಲ್ಲಕ್ಕಿಂತ ಗಟ್ಟಿ ಪುರಾವೆ ಸಿಕ್ಕಿದ್ದು ದೊಡ್ಡ ಕಾಕಾನ ಮನೆಯ ಗೋಡೆಯ ಮೇಲೆ: ಹಳೆ ಅಂಗಡಿಯ ಲಕ್ಷ್ಮೀ ಪೂಜೆಯ ಕಪ್ಪು-ಬಿಳುಪು ಫೋಟೋ. ಅಜ್ಜ ರುಮಾಲು ಸುತ್ತಿಕೊಂಡು ಕೂತಿದ್ದಾರೆ, ಹಿಂದೆ ಇದೇ ತಿಜೋರಿ. ಜಂಟಿ ಆಸ್ತಿಯ ತಿಜೋರಿ ಮುಟ್ಟುವವರು ಈ ಒಪ್ಪಿಗೆ, ಪಟ್ಟಿ, ವಿಡಿಯೋ ಕೆಲಸವನ್ನು ಮೊದಲೇ ಮಾಡಿಟ್ಟುಕೊಳ್ಳಿ. ಆಮೇಲಿನ ಮಾತುಕತೆ ತಪ್ಪುತ್ತದೆ.

ಆಗಸ್ಟ್‌ನಲ್ಲಿ ಕಾಗದ ಹಿಡಿದು ಮತ್ತೆ ಹೋದೆ. ಮಿಸ್ತ್ರಿ ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲು ಎಳೆದು "ಕುಂದರ್ರಿ" ಅಂದು ಕೀಲಿ ಬಿಚ್ಚಿದರು.

ಒಳಗೆ ಏಳು ಹಿತ್ತಾಳೆ ಲಿವರ್‌ಗಳು ಒಂದರ ಮೇಲೊಂದು ಕೂತಿದ್ದವು, ಎಲೆ ಅಡಿಕೆ ಜೋಡಿಸಿಟ್ಟ ಹಾಗೆ. ಒಂದೊಂದನ್ನೇ ಎತ್ತಿ ಸ್ಟೀಲ್ ತಾಟಿನಲ್ಲಿ ಸಾಲಾಗಿ ಇಟ್ಟರು. ಪ್ರತಿ ಲಿವರ್‌ಗೂ ನಡುವೆ ಒಂದು ಕಿಟಕಿ, ಆ ಕಿಟಕಿಯಲ್ಲಿ ಒಂದು ಸಣ್ಣ ಕಿಂಡಿ. ನಾಲಿಗೆಗೆ ಒಂದು ಗೂಟ ಇದೆ. ಚಾವಿಯ ಏಳು ಮೆಟ್ಟಿಲು ಏಳು ಲಿವರ್‌ಗಳನ್ನು ಬೇರೆ ಬೇರೆ ಎತ್ತರಕ್ಕೆ ಎತ್ತಿದಾಗ ಎಲ್ಲ ಕಿಂಡಿಗಳೂ ಒಂದೇ ಸಾಲಿಗೆ ಬರುತ್ತವೆ. ಆಗ ಗೂಟ ಅದರೊಳಗೆ ನುಗ್ಗುತ್ತದೆ, ನಾಲಿಗೆ ಸರಿಯುತ್ತದೆ. ಒಂದೇ ಒಂದು ಲಿವರ್ ಹೆಚ್ಚು ಎದ್ದರೂ, ಕಡಿಮೆ ಎದ್ದರೂ ಗೂಟ ಅದಕ್ಕೆ ಬಡಿದು ನಿಲ್ಲುತ್ತದೆ. ನಾಲ್ಕನೇ ಲಿವರ್‌ನ ಸ್ಪ್ರಿಂಗ್ ಮುರಿದಿತ್ತು. ಹಳೆ ಗಡಿಯಾರದ ಸ್ಪ್ರಿಂಗಿನ ಪಟ್ಟಿಯಿಂದ ತುಂಡು ಕತ್ತರಿಸಿ ಬೇರೆ ಮಾಡಿದರು.

ಚಾವಿ ಇತ್ತಲ್ಲ, ಮತ್ತೆ ಹೊಸ ಚಾವಿ ಯಾಕೆ ಅಂತ ಕೇಳಿದೆ. ಗುಜರಿಯಿಂದ ಬಂದ ಕೀಲಿಯ ಇನ್ನೊಂದು ಚಾವಿ ಯಾರ ಬಳಿ ಇದೆಯೋ ಗೊತ್ತಿಲ್ಲ. ಅದಕ್ಕೇ ಲಿವರ್‌ಗಳ ಸಾಲು ಅದಲುಬದಲು ಮಾಡಿ, ಆ ಹೊಸ ಸಾಲಿಗೆ ಹೊಸ ಚಾವಿ ಅರ ಹಾಕುತ್ತಾರೆ. ಹಳೆ ಕೀಲಿ ಕೊಂಡವರು ಇದನ್ನು ತಪ್ಪದೆ ಮಾಡಿಸಿ.

ಆ ಕೀಲಿಯ ನಾಲಿಗೆಯೂ ಎಡಕ್ಕೇ ಹೋಗುತ್ತಿತ್ತು. ನನ್ನ ಮುಖ ನೋಡಿ ಮಿಸ್ತ್ರಿ ಕೀಲಿಯನ್ನು ಮೇಜಿನ ಮೇಲೆ ತಲೆಕೆಳಗು ಮಾಡಿ ಇಟ್ಟರು. ನಾಲಿಗೆ ಬಲಕ್ಕೆ ಬಂತು. ಲಿವರ್‌ಗಳನ್ನು ಸ್ಪ್ರಿಂಗ್ ಒತ್ತಿ ಹಿಡಿಯುವುದರಿಂದ ಯಾವ ದಿಕ್ಕಿಗೆ ತಿರುಗಿಸಿದರೂ ಕೀಲಿ ಕೆಲಸ ಮಾಡುತ್ತದೆ. ಆದರೆ ಹಾಗೆ ತಿರುಗಿಸಿದಾಗ ಚಾವಿ ತೂತು ನಮ್ಮ ಬಾಗಿಲ ನಳಿಗೆಗಿಂತ ಎರಡು ಸೂತ ಕೆಳಗೆ ಬಿತ್ತು. (ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ.) ಅದಕ್ಕೆ ಉಪಾಯ, 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪ್ಲೇಟು. ಪ್ಲೇಟಿನ ಕೆಲವು ತೂತುಗಳು ನಮ್ಮ ಬಾಗಿಲಿನ ಹಳೆ ತೂತುಗಳಿಗೆ, ಉಳಿದವು ಕೀಲಿಗೆ. ಬಾಗಿಲಲ್ಲಿ ಒಂದೂ ಹೊಸ ತೂತು ಕೊರೆಯಬೇಕಾಗಿಲ್ಲ. ಮುಂದೆ ಯಾರಿಗಾದರೂ ಅಸಲಿ ಕೀಲಿ ಸಿಕ್ಕರೆ ಹಳೆಯ ಜಾಗದಲ್ಲೇ ಕೂರಿಸಬಹುದು.

ಸೆಪ್ಟೆಂಬರ್‌ನಲ್ಲಿ ಕೀಲಿ, ಪ್ಲೇಟು, ಎರಡು ಚಾವಿ ಮನೆಗೆ ಬಂದವು. ತಮ್ಮ ಮತ್ತು ನಾನು ಸೇರಿ ಕೂರಿಸಿದೆವು. ಎಲ್ಲ ಸ್ಕ್ರೂಗಳೂ ಬೆಣ್ಣೆಯಲ್ಲಿ ಹೋದ ಹಾಗೆ ಹೋದವು. ಚಾವಿ ತಿರುಗಿತು, ನಾಲಿಗೆ ಹೊರಬಂತು. ಹಿಡಿ ತಿರುಗಿಸಿ ನೋಡಿದೆ. ಅಗಳಿಗಳು ಸರಾಗವಾಗಿ ಹಿಂದೆ ಸರಿದವು. ನಾಲಿಗೆ ಅಡ್ಡ ಇದ್ದೂ ಪಟ್ಟಿಗೆ ತಾಗಲೇ ಇಲ್ಲ! ಪ್ಲೇಟಿನ 6 ಮಿಲಿಮೀಟರ್‌ನಿಂದ ಕೀಲಿ ಅಷ್ಟೇ ಆಳಕ್ಕೆ ಸರಿದಿತ್ತು, ನಾಲಿಗೆ ಪಟ್ಟಿಯ ಹಿಂದಿನಿಂದ ಹಾದುಹೋಗುತ್ತಿತ್ತು. ನಾನು ಅಳೆಯದೆ ಬಿಟ್ಟ ಆಳ ಇದೇ. ಕಾಗದದ ಅಚ್ಚಿನಲ್ಲಿ ಉದ್ದ ಅಗಲ ಬೀಳುತ್ತದೆ, ಆಳ ಬೀಳುವುದಿಲ್ಲ. ಆ ರಾತ್ರಿ ಅವ್ವ ಏನೂ ಕೇಳಲಿಲ್ಲ, ಅದೇ ಜಾಸ್ತಿ ನೋವಾಯಿತು.

ಫೋನ್ ಮಾಡಿದಾಗ ಮಿಸ್ತ್ರಿ ಒಂದು ಕ್ಷಣ ಸುಮ್ಮನಿದ್ದು, "ತಿಜೋರಿ ತರಾಕ ಆಗಂಗಿಲ್ಲ ಖರೆ. ಅಗಳಿ ಪಟ್ಟಿ ಬಿಚ್ಚಿ ತರಾಕ ಬರ್ತದಲ್ರಿ" ಅಂದರು. ದಸರಾ ರಜೆಯಲ್ಲಿ ಪಟ್ಟಿ, ಕೀಲಿ, ಪ್ಲೇಟು ಎಲ್ಲ ಗೋಣಿಚೀಲದಲ್ಲಿ ಕಟ್ಟಿ ತಮ್ಮನ ಜೊತೆ ಹೋದೆ. ಸುಮಾರು ಒಂಬತ್ತು ಕಿಲೋ. ಅವರು ಪಟ್ಟಿಗೆ 6 ಮಿಲಿಮೀಟರ್ ದಪ್ಪದ ಕಬ್ಬಿಣದ ತುಂಡನ್ನು ರಿವೆಟ್ ಹೊಡೆದು ಕೂರಿಸಿದರು. ನಾಲಿಗೆ ಅದಕ್ಕೆ ಗಟ್ಟಿಯಾಗಿ ತಾಗಿ ನಿಂತಿತು. ನಡುವೆ ಒಂದು ಕಾಗದ ಹೋಗುವಷ್ಟು ಸಂದು ಬಿಟ್ಟರು. ಪೂರ್ತಿ ಬಿಗಿ ಇದ್ದರೆ ಬೇಸಿಗೆಯಲ್ಲಿ ಸಿಕ್ಕಿಕೊಳ್ಳುತ್ತದಂತೆ. ಡ್ರಿಲ್ ಮಾಡಿದ ಮೂರು ತೂತಿಗೂ ಅಳತೆಗೆ ಸರಿಯಾಗಿ ಉಕ್ಕಿನ ಗುಂಡುಕಡ್ಡಿ ಮಾಡಿಕೊಟ್ಟರು. ಅದನ್ನು ಬಡಿದು, ಅರ ಹಾಕಿ, ಮೇಲೆ ಬಣ್ಣ ಹಚ್ಚಿದ್ದೇವೆ. ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಹೊರಡುವಾಗ ಅವರು ಹೇಳಿದ ಎರಡು ಮಾತು. ಒಂದು, ಕೀಲಿ ಕೂರಿಸಿದ ಮೇಲೆ ಬಾಗಿಲು ತೆರೆದಿಟ್ಟುಕೊಂಡೇ ಐವತ್ತು ಸಲ ಹಾಕಿ ತೆಗೆದು ನೋಡಬೇಕು. ಮುಚ್ಚಿದ ಮೇಲೆ ಕೈಕೊಟ್ಟರೆ ಮತ್ತೆ ಡ್ರಿಲ್ಲೇ ಗತಿ. ಇನ್ನೊಂದು, ಲಿವರ್ ಕೀಲಿಗೆ ಗ್ರೀಸು, ಕೊಬ್ಬರಿ ಎಣ್ಣೆ ಬಿಡಬಾರದು. ಧೂಳು ಅಂಟಿ ಲಿವರ್‌ಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಪೆನ್ಸಿಲ್ ಸೀಸದ ಪುಡಿ ಚಿಟಿಕೆಯಷ್ಟು ಸಾಕು. ಅವ್ವ ಪ್ರತಿ ವರ್ಷ ಪೂಜೆಯ ಮುಂಚೆ ಎಣ್ಣೆ ಬಿಡುತ್ತಿದ್ದಳು. ಚಾವಿ ಮುರಿದದ್ದು ಎಷ್ಟೋ ವರ್ಷದ ಆ ಎಣ್ಣೆ, ಧೂಳಿನಿಂದ ಇರಬೇಕು ಅಂತ ನನಗೆ ಅನ್ನಿಸಿತು. ಈ ಮಾತನ್ನು ಅವಳಿಗೆ ಹೇಳಿಲ್ಲ. ಸವೆದ ಚಾವಿ, ಯಾರ ಕೈಯಲ್ಲಾದರೂ ಮುರಿಯುತ್ತಿತ್ತು ಅಂತಷ್ಟೇ ಹೇಳಿದೆ. ಅದೂ ನಿಜವೇ.

ಖರ್ಚು ಕೇಳುವವರಿಗೆ: ಬಾಗಿಲು ಕೊರೆದವರಿಗೆ 3,500, ಕೊರಿಯರ್ 380, ಹಳೆ ಕೀಲಿ 2,500, ಪ್ಲೇಟು ಮತ್ತು ಪಟ್ಟಿಯ ಕೆಲಸ 1,400, ಲಿವರ್ ಜೋಡಣೆ ಮತ್ತು ಎರಡು ಚಾವಿ 3,200, ಬಣ್ಣ ಪಾಲಿಶ್ 650, ಬೆಳಗಾವಿಯ ಆಟೋ 600. ಒಟ್ಟು 12,230 ರೂಪಾಯಿ, ತಮ್ಮನ ಬಸ್ ಟಿಕೆಟ್ ಬಿಟ್ಟು. ಮೊದಲೇ ಮಿಸ್ತ್ರಿಯ ಬಳಿ ಹೋಗಿದ್ದರೆ ಸುಮಾರು ನಾಲ್ಕು ಸಾವಿರ ಉಳಿಯುತ್ತಿತ್ತು.

ಹಬ್ಬಕ್ಕೆ ಎರಡು ದಿನ ಇರುವಾಗ ಕೀಲಿ ಕೂರಿಸಿ, ಬಾಗಿಲು ತೆರೆದಿಟ್ಟು, ತಮ್ಮ ಎಣಿಸುತ್ತಾ ಕೂತ, ನಾನು ತಿರುಗಿಸಿದೆ. ಐವತ್ತಕ್ಕೆ ಐವತ್ತೂ ಸರಿಯಾಯಿತು. ಅಳತೆ ಬರೆದ ಇದ್ದಿಲಿನ ಅಚ್ಚನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಗಿಲ ಒಳಬದಿಗೆ ಅಂಟಿಸಿದೆ. ಅದರ ಕೆಳಗೆ ಸ್ಕ್ರೂವಿನ ಥ್ರೆಡ್, ಪ್ಲೇಟಿನ ದಪ್ಪ, ನಾಲಿಗೆಯ ಆಳ ಎಲ್ಲ ಬರೆದಿಟ್ಟಿದ್ದೇನೆ. ಮುರಿದ ಹಳೆ ಚಾವಿಯ ಎರಡೂ ತುಂಡು ಅಜ್ಜನ ಕೀರ್ದಿ ಪುಸ್ತಕದ ಜೊತೆ ಇವೆ. ಎರಡನೇ ಚಾವಿ ದೊಡ್ಡ ಕಾಕಾನ ಮನೆಯಲ್ಲಿ.

ಅಮಾವಾಸ್ಯೆ ಸಂಜೆ ಅವ್ವ ಚಾವಿ ಮುಟ್ಟಲು ಒಪ್ಪಲಿಲ್ಲ. "ನೀನ ತಗೀವಾ" ಅಂದಳು. ನಾನು ಅವಳ ಕೈಯಲ್ಲಿಟ್ಟು ಪಕ್ಕಕ್ಕೆ ಸರಿದೆ. ಕುಂಕುಮ ಹಚ್ಚಿದಳು. ಬಹಳ ನಿಧಾನಕ್ಕೆ ತಿರುಗಿಸಿದಳು, ಅರ್ಧ ಸುತ್ತಿಗೆ ಒಮ್ಮೆ ನಿಂತಳು. ಆಮೇಲೆ ಪೂರ್ತಿ ತಿರುಗಿಸಿದಳು.

"ಸದ್ದು ಬ್ಯಾರೆ ಐತಿ" ಅಂದಳು.

ಹೌದು. ಹಳೆಯದು ಎರಡು ಸಲ ಕಟಕಟ ಅನ್ನುತ್ತಿತ್ತು. ಇದು ಒಂದೇ ಸಲ, ಮೆತ್ತಗೆ.